ಬಿಳಿಚಿದ ಬಿಲ್ಲು

ಹಸಿ ಕೆಂಪು ಮೆಣಸಿನಕಾಯಿ ಸಂತೆಗೆ ಬರುವ ದಿನಗಳಲ್ಲಿ ನಮ್ಮ ಮನೆಯಲ್ಲಿ ರಂಜಕ ಅರೆಯುವುದು ತಪ್ಪುವುದಿಲ್ಲ. ಅದಕ್ಕೆಂದೇ ಈ ವರ್ಷ ಹುಬ್ಬಳ್ಳಿಯ ಪೇಟೆಯಲ್ಲಿ 3,850 ರೂಪಾಯಿ ಕೊಟ್ಟು ಹೊಸ ಮಿಕ್ಸರ್ ತಂದಿದ್ದೆ. ಹದಿನೆಂಟನೆಯ ದಿನ ಬೆಳ್ಳುಳ್ಳಿ, ಉಪ್ಪು, ನಿಂಬೆರಸ ಹಾಕಿ ಮೆಣಸಿನಕಾಯಿ ಅರೆಯುತ್ತಿದ್ದಾಗ ದೊಡ್ಡ ಜಾರಿನ ತಳದಿಂದ ಕೆಂಪು ರಸ ಜಿನುಗಿ, ಬಿಳಿಯ ಮಿಕ್ಸರಿನ ಮೈಮೇಲೆ ಗೆರೆಗೆರೆಯಾಗಿ ಇಳಿಯತೊಡಗಿತು.

ಬಿಲ್ಲು ಕಳೆದಿರಲಿಲ್ಲ. ಜೋಪಾನವಾಗಿರಲೆಂದು ಅದನ್ನು ಎಣ್ಣೆ ಡಬ್ಬಿಯ ಕೆಳಗೆ ಇಟ್ಟವಳೇ ನಾನು. ಈ ನುಣುಪು ಕಾಗದದ ಮೇಲೆ ಶಾಯಿಯಿಂದ ಮುದ್ರಿಸುವುದಿಲ್ಲ, ಲೇಪನಕ್ಕೆ ಬಿಸಿ ತಗಲಿ ಅಕ್ಷರ ಮೂಡುತ್ತದೆ, ಎಣ್ಣೆ ತಾಗಿದರೆ ಅದೇ ಅಕ್ಷರ ಅಳಿಸಿಹೋಗುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಡಬ್ಬಿಯ ದುಂಡನೆಯ ಎಣ್ಣೆ ಕಲೆಯೊಂದನ್ನು ಬಿಟ್ಟರೆ ಕಾಗದದಲ್ಲಿ ಓದಲು ಏನೂ ಉಳಿದಿರಲಿಲ್ಲ.

ಅಂಗಡಿಯ ಗೋಡೆಯ ಮೇಲೆ ಸಿದ್ಧಾರೂಢರ ಫೋಟೋದ ಪಕ್ಕದಲ್ಲಿ, ಮಾರಿದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಫಲಕವಿತ್ತು. ಕೌಂಟರಿನ ಹುಡುಗ ಆ ಬಿಳಿಯ ಕಾಗದವನ್ನು ಹೊರಳಿಸಿ ನೋಡಿ, “ಇದರಾಗ ಏನೂ ಇಲ್ಲಲ್ರಿ ಅಕ್ಕಾರ” ಎಂದ. ಮೊಬೈಲಿನಲ್ಲಿ ಯುಪಿಐ ಪಾವತಿಯನ್ನು ತೋರಿಸಿದೆ. “ರೊಕ್ಕ ಬಂದದ್ದು ಖರೇ ಐತ್ರಿ. ಆದ್ರ ಏನ್ ಒಯ್ದೀರಿ ಅಂತ ಇದರಾಗ ಎಲ್ಲೈತ್ರಿ?” ಸಿಟ್ಟು ಬಂದರೂ ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅಂಥದೇ ಮಿಕ್ಸರನ್ನು ಊರಿನ ಹತ್ತು ಅಂಗಡಿಗಳು ಮಾರುತ್ತವೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ಲಿನಲ್ಲಿ ಬೇರೆ ಅವಧಿ ನಮೂದಿಸದಿದ್ದರೆ ದೋಷವಿರುವ ಸರಕನ್ನು 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರವಾಗುತ್ತದೆ. ನಾನು ಅದನ್ನು ಹೇಳಿದೆ. ಅಗತ್ಯಬಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವೆನೆಂದೂ ಹೇಳಿದೆ, ಆ ಮಾತು ಸ್ವಲ್ಪ ಬಿರುಸಾಗಿಯೇ ಬಂತು. ಆದರೆ ಹಿಂಪಡೆಯಬೇಕಾದ ಅಂಗಡಿ ಇದೇ ಎಂದು ತೋರಿಸುವ ಹೊಣೆ ಇನ್ನೂ ನನ್ನ ತಲೆಯ ಮೇಲೆಯೇ ಇತ್ತು.

ಗಲ್ಲೆಯ ಮೇಲಿದ್ದ ಹಿರಿಯರು ಅಷ್ಟು ಹೊತ್ತೂ ಸುಮ್ಮನಿದ್ದು, ಕೊನೆಗೆ “ಎಷ್ಟು ಗಂಟೆಗೆ ರೊಕ್ಕ ಹಾಕಿದ್ರೆವ್ವಾ?” ಎಂದು ಕೇಳಿದರು. ಸಂಜೆ 7 ಗಂಟೆ 42 ನಿಮಿಷ. ಅವರು ಕಂಪ್ಯೂಟರಿನಲ್ಲಿ ಆ ದಿನದ ಮಾರಾಟ ತೆಗೆಸಿ, ಅದೇ ಮೊತ್ತದ ಬಿಲ್ಲಿನಲ್ಲಿದ್ದ ಸೀರಿಯಲ್ ನಂಬರನ್ನು ಹುಡುಗನಿಂದ ಓದಿಸಿ, ತಾವು ಮಿಕ್ಸರನ್ನು ಬೋರಲು ಹಾಕಿ ಕನ್ನಡಕವನ್ನು ಹಣೆಗೇರಿಸಿ ತಾಳೆ ನೋಡಿದರು. ಕೊನೆಯ ಅಂಕಿಯವರೆಗೂ ಹೊಂದಿತು.

ಹಣ ಮರಳಿಸಲು ಅವರು ಒಪ್ಪಲಿಲ್ಲ, ಜಾರನ್ನಷ್ಟೇ ಬದಲಿಸಿದರು. ಪಟ್ಟು ಹಿಡಿಯಬಹುದಿತ್ತೇನೋ, ಆದರೆ ಮೋಟಾರು ಸರಿಯಾಗಿಯೇ ಇತ್ತು, ಮನೆಯಲ್ಲಿ ಅರ್ಧ ಅರೆದ ರಂಜಕ ಕಾಯುತ್ತಿತ್ತು. ಹೊಸ ಜಾರಿಗೆ ನೀರು ತುಂಬಿ ಹಳೆಯ ಪೇಪರಿನ ಮೇಲೆ ಐದು ನಿಮಿಷ ಇಟ್ಟೆವು, ಪೇಪರು ನೆನೆಯಲಿಲ್ಲ. ವಾರಂಟಿ ಕಾರ್ಡಿಗೆ ಅಂದು ಒತ್ತದೇ ಬಿಟ್ಟಿದ್ದ ಸಿಕ್ಕಾ ಈಗ ಬಿತ್ತು. ಬಿಲ್ಲಿನ ಎರಡನೆಯ ಪ್ರತಿಯೂ ಅದೇ ನುಣುಪು ಕಾಗದದಲ್ಲಿ ಹೊರಬಂದಿತು. ಪಕ್ಕದ ಅಂಗಡಿಯಲ್ಲಿ ಅದರ ಜೆರಾಕ್ಸ್ ತೆಗೆಸಿಕೊಂಡೇ ಬಸ್ಸು ಹತ್ತಿದೆ.