ಕೈಯಿಲ್ಲದ ತೇಗದ ಕುರ್ಚಿ

ಬಸವನಗುಡಿ, ಜನವರಿ 12, 2025, ಭಾನುವಾರ

ಇಂದು ಬೆಳಿಗ್ಗೆ ಅಮ್ಮ ಕೈ ಊರದೆ ಕುರ್ಚಿಯಿಂದ ಎದ್ದಳು. ಒಂದೇ ಸಲ. ಎರಡು ಉಸಿರಿನಷ್ಟು ಹೊತ್ತು ನಿಂತು ಮೆಲ್ಲಗೆ ಕುಳಿತಳು. ಹಿಡಿದುಕೊಳ್ಳಲೆಂದು ಎದುರಿಗೆ ಕೈ ಚಾಚಿ ನಿಂತಿದ್ದ ನನಗೆ ಕಣ್ಣು ತುಂಬಿ ಬಂದಿತು.

ದಸರೆಯ ಹೊತ್ತಿಗೆ ಬಚ್ಚಲಿನಲ್ಲಿ ಜಾರಿ ಬಿದ್ದಾಗ ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಭಯದಿಂದ ಕುಳಿತಲ್ಲೇ ಕುಳಿತು ತೊಡೆಗಳು ಸೊರಗಿಹೋದವು. ಎದ್ದು ನಿಲ್ಲುವುದಕ್ಕೆ ಬೇಕಾದ ಬಲದಲ್ಲಿ ದೊಡ್ಡ ಪಾಲು ತೊಡೆಯ ಮುಂಭಾಗದ ಸ್ನಾಯುಗಳದು. ಅದನ್ನು ಕುರ್ಚಿಯಲ್ಲಿ ಕುಳಿತೇ ಮಾಡುವ ವ್ಯಾಯಾಮದಿಂದ ಮರಳಿ ಗಳಿಸಬಹುದು ಎಂದು ಫಿಸಿಯೋಥೆರಪಿಸ್ಟ್ ಹೇಳಿದಾಗ ನಾನು ನಂಬಿರಲಿಲ್ಲ.

ಮೊದಲ ವಾರವೆಲ್ಲ ಕುರ್ಚಿಯದೇ ಚಿಂತೆ. ಗಾಲಿಯದು ಕೂಡದು, ಪ್ಲಾಸ್ಟಿಕ್ಕಿನದು ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಜಾರುತ್ತದೆ. ಕೊನೆಗೆ ಅಪ್ಪ ಓದಲು ಕೂರುತ್ತಿದ್ದ ತೇಗದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟೆ. ಅದಕ್ಕೆ ಕೈಗಳಿಲ್ಲ, ತೋಳು ಬೀಸಲು ಅಡ್ಡಿಯಿಲ್ಲ. ಅಮ್ಮನ ಪಾದಗಳೂ ಪೂರ್ತಿ ನೆಲಕ್ಕೆ ತಾಗುತ್ತವೆ.

ಬೆರಳೂರಿ ಹಿಮ್ಮಡಿ ಎತ್ತುವುದು, ಹಿಮ್ಮಡಿಯೂರಿ ಬೆರಳೆತ್ತುವುದು, ಕುಳಿತಲ್ಲೇ ಮಂಡಿ ಎತ್ತಿ ನಡೆಯುವುದು. ಹಿಮ್ಮಡಿ ಎತ್ತಿದಾಗಲೆಲ್ಲ ಮೀನಖಂಡ ರಕ್ತವನ್ನು ಹಿಂಡಿ ಮೇಲಕ್ಕೆ ತಳ್ಳುತ್ತದೆ. ಸಂಜೆಯ ಪಾದದ ಊತ ಈಗ ಕಡಿಮೆ. ಕಷ್ಟವಾದದ್ದು ಕಾಲನ್ನು ನೇರ ಚಾಚಿ ಹಿಡಿಯುವುದು. ಅಮ್ಮ ತುಟಿ ಕಚ್ಚಿ ಉಸಿರು ಬಿಗಿಹಿಡಿಯುತ್ತಿದ್ದಳು. ಹಾಗೆ ಮಾಡಿದರೆ ರಕ್ತದೊತ್ತಡ ಏರುತ್ತದೆ, ಅವಳಿಗೆ ಮೊದಲೇ ಬಿಪಿ. ಎಣಿಸುವ ಬದಲು ಸರಳೆ ಹಾಡು ಎಂದೆ. ಆದಿತಾಳದ ಎಂಟು ಎಣಿಕೆಗೆ ಸರಿಗಮಪದನಿಸ ಹೇಳುತ್ತ ಕಾಲು ಚಾಚುತ್ತಾಳೆ. ಹಾಡುವ ಬಾಯಿ ಉಸಿರು ಕಟ್ಟುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ, 65 ದಾಟಿದವರು ವಾರಕ್ಕೆ 3 ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕೆನ್ನುತ್ತದೆ. ನಮ್ಮದು ಸೋಮ, ಬುಧ, ಶುಕ್ರ. ಇಂದು ರಜೆ. ಆದರೂ ಕಾಫಿ ಆದ ಮೇಲೆ ಅವಳೇ ಕರೆದಳು: "ಬಾರೇ ಪುಟ್ಟಿ, ಒಂದು ಸಲ ಎದ್ದು ನೋಡುತ್ತೇನೆ." ಪಾದಗಳನ್ನು ತುಸು ಹಿಂದಕ್ಕೆಳೆದುಕೊಂಡಳು, ಎದೆ ಮುಂದಕ್ಕೆ ಬಾಗಿಸಿದಳು, ಎದ್ದಳು.

ಮಧ್ಯಾಹ್ನ ಅದೇ ಕುರ್ಚಿಯಲ್ಲಿ ಕುಳಿತು, ಗಾಂಧಿಬಜಾರಿನಿಂದ ತಂದು ನೆನೆಸಿಟ್ಟ ಅವರೆಕಾಳನ್ನು ಹಿತಕಿದಳು. ಬೆರಳಿಗೂ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ. ನಾಳೆ ಎರಡು ಸಲ ಏಳುತ್ತಾಳಂತೆ.