ಗಿಟಾರ್ ಲೂಪಿಂಗ್‌ಗೆ ಹಳೇ ಲ್ಯಾಪ್‌ಟಾಪ್: ಇಲ್ಲಿಯವರೆಗೆ ಏನೇನಾಯ್ತು

ಜೂನ್

ಲೂಪ್ ಪೆಡಲ್ ಕೊಳ್ಳುವ ಬದಲು ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪ್‌ನಲ್ಲೇ ಲೂಪಿಂಗ್ ಮಾಡೋಣ ಅಂತ ಶುರು ಮಾಡಿದ್ದೇನೆ. ಒಂದು ತುಣುಕು ನುಡಿಸುವುದು, ಅದು ಸುತ್ತುತ್ತಾ ಇರುವಾಗಲೇ ಅದರ ಮೇಲೆ ಇನ್ನೊಂದು ಹಾಕುವುದು, ಅದರ ಮೇಲೆ ಮತ್ತೊಂದು. ಪೆಡಲ್‌ಗಳು ಚೆನ್ನಾಗಿಯೇ ಇವೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನನಗೆ ಏಳು ಮಾತ್ರೆಯ (ಏಳು ಎಣಿಕೆಯ) ಲೂಪ್ ಬೇಕು, ಪ್ರತಿ ಪದರವನ್ನೂ ಬೇರೆಬೇರೆಯಾಗಿ ನಿಲ್ಲಿಸಲು ಬರಬೇಕು, ಆಮೇಲೆ ಅದನ್ನೆಲ್ಲ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿ ತಿದ್ದಲೂ ಬರಬೇಕು. ಇಷ್ಟನ್ನೂ ಮಾಡುವ ಪೆಡಲ್‌ನ ಬೆಲೆ ನೋಡಿದ ಮೇಲೆ ಲ್ಯಾಪ್‌ಟಾಪೇ ವಾಸಿ ಅನ್ನಿಸಿತು.

ಏಳು ಮಾತ್ರೆ ಯಾಕೆ ಅಂದರೆ, ಪಕ್ಕದ ಬಿಲ್ಡಿಂಗ್‌ನಲ್ಲಿರುವ ಧಾರವಾಡದ ಗೆಳೆಯರು ತಬಲಾ ನುಡಿಸುತ್ತಾರೆ. ನವೆಂಬರ್‌ನಲ್ಲಿ ಇಲ್ಲಿ ಪುಣೆಯ ಕನ್ನಡದವರ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಇಬ್ಬರೂ ಸೇರಿ ಏನಾದರೂ ಮಾಡೋಣ ಅಂತ ಮಾತಾಗಿದೆ. ಅವರು ಆರಿಸಿಕೊಂಡಿದ್ದು ರೂಪಕ್ ತಾಳ. ತಿನ್ ತಿನ್ ನಾ, ಧೀ ನಾ, ಧೀ ನಾ. ಮೂರು, ಎರಡು, ಎರಡು. ನಾಲ್ಕರ ಲೆಕ್ಕದಲ್ಲೇ ಯೋಚಿಸುವ ಉಪಕರಣ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎಲ್ಲರೂ ಮೊದಲು ಕೇಳುವ ಪ್ರಶ್ನೆ ‘ಯಾವ ಸಾಫ್ಟ್‌ವೇರ್?’ ನನ್ನ ಅಭಿಪ್ರಾಯದಲ್ಲಿ ಅದು ಕೊನೆಯ ಪ್ರಶ್ನೆ. ಗಿಟಾರ್ ನುಡಿಸುವವನ ಎರಡೂ ಕೈ ತಂತಿಯ ಮೇಲಿರುತ್ತವೆ, ಹಾಗಾಗಿ ಲೂಪ್ ಶುರು ಮಾಡುವುದೂ ಮುಗಿಸುವುದೂ ಕಾಲಿನ ಕೆಲಸ. ನುಡಿಸಿದ್ದು ಒಳಗೆ ಹೋಗಿ ಹೊರಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನೋದು ಇನ್ನೊಂದು ವಿಷಯ. ಇವೆರಡು ಗಟ್ಟಿಯಾದರೆ ಸಾಫ್ಟ್‌ವೇರ್ ತಾನಾಗೇ ಗೊತ್ತಾಗುತ್ತದೆ.

ಮೈಕ್ ಇಡಬೇಕಾ, ಪಿಕಪ್ (ಗಿಟಾರ್‌ಗೇ ಕೂರಿಸಿದ, ತಂತಿಯ ಕಂಪನ ಹಿಡಿಯುವ ಸಾಧನ) ಸಾಕಾ ಅನ್ನೋದು ಬೇಗ ತೀರ್ಮಾನವಾಯಿತು. ನಮ್ಮ ಮನೆ ಮುಠಾ ನದಿಗೆ ಹತ್ತಿರ. ಗಣಪತಿ ಹಬ್ಬಕ್ಕೆ ಎಷ್ಟೋ ವಾರ ಮುಂಚಿನಿಂದಲೇ ನದಿ ದಂಡೆಯಲ್ಲಿ ಢೋಲ್ ತಾಶಾ ಪಥಕಗಳ (ಮೆರವಣಿಗೆಯ ಡೋಲು ತಂಡಗಳ) ಅಭ್ಯಾಸ ಶುರುವಾಗುತ್ತದೆ, ಸಂಜೆಯಾದರೆ ಕಿಟಕಿ ಮುಚ್ಚಿದರೂ ಗೋಡೆ ದಾಟಿ ಬರುತ್ತದೆ. ನನಗೆ ಆ ಸದ್ದು ಇಷ್ಟ, ಆದರೆ ಲೂಪ್‌ನಲ್ಲಿ ಬೇಡ. ಮಾಮೂಲಿ ರೆಕಾರ್ಡಿಂಗ್‌ನಲ್ಲಿ ಹೊರಗಿನ ಸದ್ದು ಒಂದು ಸಲ ಕೇಳಿ ಹೋಗುತ್ತದೆ. ಲೂಪ್‌ನಲ್ಲಿ ಅದೇ ಸದ್ದು ಪ್ರತಿ ಆವರ್ತನಕ್ಕೂ (ಸುತ್ತಿಗೂ) ಬರುತ್ತದೆ, ಮೇಲೆ ನಾಲ್ಕು ಪದರ ಹಾಕಿದರೆ ನಾಲ್ಕು ಢೋಲ್. ಸ್ಪೀಕರ್ ಹಾಕಿಕೊಂಡು ಮೈಕ್ ಇಟ್ಟರಂತೂ ಹಳೇ ಪದರಗಳು ಮತ್ತೆ ಮೈಕ್‌ಗೆ ಹೋಗಿ ಎಲ್ಲ ಕಲಸಿಹೋಗುತ್ತದೆ. ನನ್ನ ಸೆಮಿ ಅಕೌಸ್ಟಿಕ್‌ನಲ್ಲಿ ಸ್ಯಾಡಲ್ ಕೆಳಗೆ ಪೀಜೋ ಪಿಕಪ್ ಇದೆ, 9 ವೋಲ್ಟ್ ಬ್ಯಾಟರಿಯ ಪ್ರೀಆಂಪ್ ಇದೆ. ದನಿ ಸ್ವಲ್ಪ ಒಣ ಒಣ. ಲೂಪಿಂಗ್‌ಗೆ ಅದೇ ಒಳ್ಳೇದು, ಪದರ ಮೇಲೆ ಪದರ ಬಂದಾಗ ಗಿಜಿಗಿಜಿ ಆಗುವುದಿಲ್ಲ.

ಲ್ಯಾಪ್‌ಟಾಪ್‌ನ ಹೆಡ್‌ಸೆಟ್ ತೂತಿಗೇ ಗಿಟಾರ್ ಚುಚ್ಚಬಹುದಾ ಅಂತ ಕೆಲವರು ಕೇಳಿದ್ದಾರೆ. ಸದ್ದು ಬರುತ್ತದೆ. ಆದರೆ ಆ ತೂತು ಹೆಡ್‌ಸೆಟ್ ಮೈಕ್‌ಗೆ ಅಂತ ಮಾಡಿದ್ದು, ಗಿಟಾರ್ ಪಿಕಪ್‌ಗೆ ಬೇಕಾದಷ್ಟು ಇಂಪೀಡೆನ್ಸ್ (ವಿದ್ಯುತ್ ತಡೆ) ಅಲ್ಲಿ ಇರುವುದಿಲ್ಲ. ಎಲೆಕ್ಟ್ರಿಕ್ ಗಿಟಾರ್‌ನ ಮ್ಯಾಗ್ನೆಟಿಕ್ ಪಿಕಪ್ ಆದರೆ ಮೇಲಿನ ಸ್ವರಗಳ ಹೊಳಪೇ ಹೋಗಿಬಿಡುತ್ತದೆ. ಅದಕ್ಕೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಗಿಟಾರ್ ದನಿಯನ್ನು ಕಂಪ್ಯೂಟರ್‌ಗೆ ಒಯ್ಯುವ ಪೆಟ್ಟಿಗೆ) ಬೇಕೇ ಬೇಕು, ಅದರಲ್ಲಿ ‘ಇನ್‌ಸ್ಟ್ರುಮೆಂಟ್’ ಅಥವಾ ‘ಹೈ ಝೆಡ್’ ಅಂತ ಬರೆದ ಇನ್‌ಪುಟ್ ಇರಬೇಕು. ಸಾಮಾನ್ಯವಾಗಿ ಅದು 10 ಲಕ್ಷ ಓಮ್ ಆಸುಪಾಸು ಇರುತ್ತದೆ. ನಾನು ನೋಡಿದ ಇನ್ನೆರಡು ವಿಷಯ: ಡೈರೆಕ್ಟ್ ಮಾನಿಟರ್ ಇದೆಯಾ, ಅಂದರೆ ಗಿಟಾರ್ ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಹೆಡ್‌ಫೋನ್‌ಗೆ ಬರುತ್ತದಾ; ಮತ್ತು ಡ್ರೈವರ್ ಹಾಕದೆ ಸುಮ್ನೆ ಚುಚ್ಚಿದರೆ ನಡೆಯುತ್ತದಾ. ವಿಂಡೋಸ್ ಬಳಸುವವರು ಕಂಪನಿಯದೇ ಏಸಿಯೋ ಡ್ರೈವರ್ (ಸದ್ದಿನ ತಡ ಕಡಿಮೆ ಮಾಡುವ ಡ್ರೈವರ್) ಇರುವುದನ್ನು ತಗೊಳ್ಳಿ. ಏಸಿಯೋ4ಆಲ್ ಹಾಕಿಯೂ ಕೆಲಸ ಸಾಗುತ್ತದೆ, ಆದರೆ ಅದು ವಿಂಡೋಸ್‌ನ ಮಾಮೂಲಿ ಡ್ರೈವರ್ ಮೇಲೆ ಕೂತ ಹೊದಿಕೆ ಅಷ್ಟೇ. 192 ಕಿಲೋಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಾವಿರ ಸಲ ದನಿಯನ್ನು ಅಳೆಯುತ್ತದೆ ಅನ್ನೋ ಅಂಕಿ) ಅಂತ ಡಬ್ಬಿ ಮೇಲೆ ಬರೆದಿರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಲೂಪಿಂಗ್‌ಗೆ 48 ಸಾಕು.

ಒಂದು ತೊಂದರೆ ಬಂತು, ಇದು ಹಳೇ ಬಿಲ್ಡಿಂಗ್‌ಗಳಲ್ಲಿ ಇರುವ ಎಲ್ಲರಿಗೂ ಬರಬಹುದು. ಚಾರ್ಜರ್ ಹಾಕಿದರೆ ಜುಯ್ ಅನ್ನುವ ಸದ್ದು, ತಂತಿ ಮುಟ್ಟಿದರೆ ಕಡಿಮೆ, ಚಾರ್ಜರ್ ತೆಗೆದರೆ ಪೂರ್ತಿ ಮಾಯ. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಆ ಕೋಣೆಯ ಸಾಕೆಟ್‌ಗೆ ಅರ್ಥಿಂಗ್ ವೈರ್ ತಲುಪಿಯೇ ಇರಲಿಲ್ಲ. ಎಳೆಸಿದ್ದೇನೆ, ಈಗ ಸದ್ದಿಲ್ಲ. ಕೆಲವರು ಇದಕ್ಕೆ ಪ್ಲಗ್‌ನ ಮೂರನೇ ಪಿನ್ ಮುರಿಯಿರಿ ಅಂತ ಸಲಹೆ ಕೊಡುತ್ತಾರೆ. ದಯವಿಟ್ಟು ಮಾಡಬೇಡಿ, ಕೈಯಲ್ಲಿ ಲೋಹದ ತಂತಿ ಹಿಡಿದು ಕೂರುವವರು ನಾವು.

ಜುಲೈ

ಇಡೀ ತಿಂಗಳು ಲೇಟೆನ್ಸಿ (ಸದ್ದಿನ ತಡ) ಹಿಂದೆ ಹೋಯಿತು, ಹೋಗಿದ್ದೇ ಒಳ್ಳೇದಾಯಿತು.

ಮೊದಲ ಸಲ ಇಬ್ಬರೂ ಕೂತಾಗ ತಬಲಾದವರು ಎರಡು ನಿಮಿಷ ನುಡಿಸಿ ಕೈ ನಿಲ್ಲಿಸಿದರು. “ಏನ್ರೀ, ನೀವು ಮೊದಲು ಹಾಕಿದ್ದು ಸರಿ ಐತಿ, ಮ್ಯಾಲೆ ಹಾಕಿದ್ದು ಒಂಚೂರು ಹಿಂದ ಬೀಳಾಕತ್ತೈತಿ ನೋಡ್ರಿ” ಅಂದರು. ನನ್ನ ಕಿವಿಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿರಲಿಲ್ಲ. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಲೂಪಿಂಗ್‌ನಲ್ಲಿ ತಡ ಎರಡು ಬಗೆ. ಒಂದು, ತಂತಿ ಮೀಟಿದ ಮೇಲೆ ನನ್ನ ದನಿ ನನಗೆ ಕೇಳಿಸಲು ಹಿಡಿಯುವ ಹೊತ್ತು. ಇದಕ್ಕೆ ಡೈರೆಕ್ಟ್ ಮಾನಿಟರ್ ಇದೆ, ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡನೆಯದು ಕಣ್ಣಿಗೆ ಬೀಳದ ತಡ. ಕಂಪ್ಯೂಟರ್ ಲೂಪನ್ನು ಹೊರಗೆ ಕಳಿಸುತ್ತದೆ, ಅದು ನನ್ನ ಕಿವಿಗೆ ಬರುವಷ್ಟರಲ್ಲಿ ಸ್ವಲ್ಪ ತಡ. ನಾನು ಅದರ ಜೊತೆ ಸರಿಯಾಗಿಯೇ ನುಡಿಸುತ್ತೇನೆ, ಅದು ಒಳಗೆ ಹೋಗಲು ಇನ್ನೂ ಸ್ವಲ್ಪ ತಡ. ಎರಡೂ ಸೇರಿದಷ್ಟು ಹಿಂದಕ್ಕೆ ನನ್ನ ಎರಡನೇ ಪದರ ಬೀಳುತ್ತದೆ. ಮೂರನೇ ಪದರವನ್ನು ಎರಡನೆಯದನ್ನು ಕೇಳುತ್ತಾ ನುಡಿಸಿದರೆ ಇನ್ನಷ್ಟು ಹಿಂದೆ. ಸಾಫ್ಟ್‌ವೇರ್ ಇದನ್ನು ಲೆಕ್ಕ ಹಾಕಿ ಪದರವನ್ನು ಸರಿಯಾದ ಜಾಗಕ್ಕೆ ಎಳೆದುಕೊಳ್ಳಬೇಕು, ಆದರೆ ಅದು ಡ್ರೈವರ್ ಹೇಳಿದ ಅಂಕಿಯನ್ನು ನಂಬುತ್ತದೆ, ಡ್ರೈವರ್ ಹೇಳುವುದು ಯಾವಾಗಲೂ ಪೂರ್ತಿ ನಿಜ ಇರುವುದಿಲ್ಲ.

ಹಾಗಾಗಿ ಅಳೆಯಲೇಬೇಕು. ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಒಂದು ಕೇಬಲ್. ಈ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಸ್ಟುಡಿಯೋ ಅನ್ನುವ ಲಿನಕ್ಸ್ ಹಾಕಿದ್ದೇನೆ, ಅದರಲ್ಲಿ ಜಾಕ್ ಅನ್ನುವ ಆಡಿಯೋ ಸರ್ವರ್, ಜಾಕ್ ಜೊತೆಗೇ ‘ಜಾಕ್ ಐಓ ಡಿಲೇ’ ಅನ್ನುವ ಸಣ್ಣ ಪ್ರೋಗ್ರಾಂ ಬರುತ್ತದೆ. ಅದು ಒಂದು ಸದ್ದು ಕಳಿಸಿ, ವಾಪಸ್ ಬರುವುದನ್ನು ಅಳೆದು ಪರದೆಯ ಮೇಲೆ ಸಾಲು ಸಾಲಾಗಿ ಬರೆಯುತ್ತಾ ಹೋಗುತ್ತದೆ. 48 ಕಿಲೋಹರ್ಟ್ಸ್ (ಸೆಕೆಂಡಿಗೆ 48 ಸಾವಿರ ಅಳತೆ, ಒಂದೊಂದೂ ಒಂದು ಫ್ರೇಮ್), ಒಂದು ಕಂತಿಗೆ 128 ಫ್ರೇಮ್ (ಇದೇ ಬಫರ್), 3 ಪೀರಿಯಡ್ ಅಂದರೆ ಮೂರು ಕಂತು ಇಟ್ಟಾಗ ಜಾಕ್ ಲೆಕ್ಕದಲ್ಲಿ ಒಳಗೆ 128, ಹೊರಗೆ 384, ಒಟ್ಟು 512 ಫ್ರೇಮ್, ಅಂದರೆ ಸುಮಾರು 10.7 ಮಿಲಿಸೆಕೆಂಡ್. ಅಳೆದಾಗ ಬಂದಿದ್ದು 720 ಫ್ರೇಮ್, 15 ಮಿಲಿಸೆಕೆಂಡ್. ನಡುವಿನ 208 ಫ್ರೇಮ್ ಯುಎಸ್‌ಬಿ ಮತ್ತು ಇಂಟರ್‌ಫೇಸ್ ಒಳಗಿನ ಚಿಪ್‌ಗಳು ತಿಂದಿದ್ದು. ಆ ಪ್ರೋಗ್ರಾಂ ಅದನ್ನು ಅರ್ಧ ಅರ್ಧ ಮಾಡಿ, ಇನ್‌ಪುಟ್‌ಗೆ 104, ಔಟ್‌ಪುಟ್‌ಗೆ 104 ಹಾಕು ಅಂತ ತಾನೇ ಹೇಳಿತು. ಹಾಕಿದೆ. ಮುಂದಿನ ಭಾನುವಾರ ತಬಲಾದವರು ನಾಲ್ಕು ಪದರ ಕೇಳಿ “ಈಗ ಕೂತ್ತು ನೋಡ್ರಿ” ಅಂದರು. ಆ ಮಾತು ಕೇಳಿ ಆದ ಖುಷಿಯನ್ನು ಹೇಗೆ ಬರೆಯೋದೋ ಗೊತ್ತಿಲ್ಲ.

ವಿಂಡೋಸ್‌ನಲ್ಲಿ ರೀಪರ್ (ಒಂದು ರೆಕಾರ್ಡಿಂಗ್ ಸಾಫ್ಟ್‌ವೇರ್) ಇರುವವರು ಇದೇ ಕೇಬಲ್ ಹಾಕಿ, ಒಂದು ಕ್ಲಿಕ್ ಸದ್ದನ್ನು ಹೊರಗೆ ಕಳಿಸಿ ಇನ್ನೊಂದು ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿ. ಎರಡರ ನಡುವೆ ಎಷ್ಟು ಸ್ಯಾಂಪಲ್ ಅಂತರ ಅಂತ ಜೂಮ್ ಮಾಡಿ ಎಣಿಸಿ, ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ಆಫ್‌ಸೆಟ್ ತುಂಬುವ ಜಾಗ ಇದೆ.

ಬಫರ್ ತೀರಾ ಇಳಿಸುವ ಹಟ ಬೇಡ ಅನ್ನೋದು ನನ್ನ ಮಾತು. 64ಕ್ಕೆ ಇಳಿಸಿದರೆ ಈ ಹಳೇ ಯಂತ್ರದಲ್ಲಿ ಚಟ್ ಚಟ್ ಅಂತ ಸದ್ದು ಬರುತ್ತದೆ, ಆ ಚಟ್ ಕೂಡ ಲೂಪ್ ಆಗುತ್ತದೆ. ಸದ್ದು ಗಾಳಿಯಲ್ಲಿ 3 ಮಿಲಿಸೆಕೆಂಡ್‌ಗೆ ಸುಮಾರು 1 ಮೀಟರ್ ಹೋಗುತ್ತದೆ, ಅಂದರೆ 15 ಮಿಲಿಸೆಕೆಂಡ್ ಅಂದರೆ ಐದು ಮೀಟರ್ ದೂರದ ಸ್ಪೀಕರ್. ವೇದಿಕೆ ಮೇಲೆ ನುಡಿಸಿದವರಿಗೆ ಆ ದೂರ ಹೊಸದೇನಲ್ಲ. ತಡ ಎಷ್ಟಿದೆ ಅಂತ ಸರಿಯಾಗಿ ಗೊತ್ತಿದ್ದರೆ ಸಾಕು. ನುಡಿಸುವಾಗ ವೈಫೈ ಆಫ್, ಸಿಪಿಯು ‘ಪರ್ಫಾರ್ಮೆನ್ಸ್’ ಮೋಡ್‌ನಲ್ಲಿ.

ಆಗಸ್ಟ್

ಈಗ ಸಾಫ್ಟ್‌ವೇರ್. ಸೂಪರ್‌ಲೂಪರ್ ಗಟ್ಟಿಯಾಯಿತು. ಜೆಸ್ಸಿ ಚಾಪೆಲ್ ಬರೆದದ್ದು, ಉಚಿತ, ಮುಕ್ತ ತಂತ್ರಾಂಶ.

ಬೇರೆಯವನ್ನೂ ನೋಡಿದೆ. ಏಬಲ್ಟನ್ ಲೈವ್‌ನಲ್ಲಿ ಲೂಪ್ ಮಾಡುವುದು ತುಂಬಾ ಸಲೀಸು, ಹಲವು ಇಂಟರ್‌ಫೇಸ್‌ಗಳ ಜೊತೆ ಅದರ ಲೈಟ್ ಆವೃತ್ತಿ ಉಚಿತವಾಗಿ ಬರುತ್ತದೆ, ಅದರಲ್ಲಿ 8 ಟ್ರ್ಯಾಕ್. ಮ್ಯಾಕ್ ಅಥವಾ ವಿಂಡೋಸ್ ಇದ್ದು ನಾಲ್ಕರ ಲೆಕ್ಕದಲ್ಲೇ ನುಡಿಸುವವರಾದರೆ ಅದನ್ನೇ ಹಿಡಿಯಿರಿ. ಲಿನಕ್ಸ್‌ಗೆ ಅದು ಇಲ್ಲ. ರೀಪರ್ ಜೊತೆ ‘ಸೂಪರ್8’ ಅನ್ನುವ ಎಂಟು ಚಾನೆಲ್‌ನ ಲೂಪರ್ ಬರುತ್ತದೆ, ರೀಪರ್ 60 ದಿನ ಪುಕ್ಕಟೆ ನೋಡಬಹುದು, ಮನೆ ಬಳಕೆಯ ಲೈಸೆನ್ಸ್ 60 ಡಾಲರ್. ಮೋಬಿಯಸ್ ಬಹಳ ಆಳವಾದ ಲೂಪರ್. ಮೋಬಿಯಸ್, ಸೂಪರ್‌ಲೂಪರ್ ಎರಡಕ್ಕೂ ಮೂಲ ಪ್ರೇರಣೆ 1990ರ ದಶಕದ ಎಕೋಪ್ಲೆಕ್ಸ್ ಡಿಜಿಟಲ್ ಪ್ರೋ ಅನ್ನುವ ಯಂತ್ರ. ರೆಕಾರ್ಡ್, ಓವರ್‌ಡಬ್ (ಹಳೇ ಪದರದ ಮೇಲೆ ಹೊಸದು ಹಾಕುವುದು), ಮಲ್ಟಿಪ್ಲೈ, ಇನ್‌ಸರ್ಟ್ ಅನ್ನುವ ಹೆಸರುಗಳು ಅಲ್ಲಿಂದಲೇ ಬಂದವು. ಅದಕ್ಕೂ ಮುಂಚೆ 1970ರ ದಶಕದಲ್ಲಿ ರಾಬರ್ಟ್ ಫ್ರಿಪ್ ಎರಡು ಟೇಪ್ ಯಂತ್ರ ಅಕ್ಕಪಕ್ಕ ಇಟ್ಟು, ಒಂದರಲ್ಲಿ ರೆಕಾರ್ಡ್ ಆದ ಟೇಪನ್ನು ಇನ್ನೊಂದಕ್ಕೆ ಹಾಯಿಸಿ ಗಿಟಾರ್ ಲೂಪ್ ಮಾಡುತ್ತಿದ್ದರು. ಅಲ್ಲಿ ಲೂಪ್‌ನ ಉದ್ದ ಅಂದರೆ ಎರಡು ಯಂತ್ರಗಳ ನಡುವಿನ ದೂರ!

ಸೂಪರ್‌ಲೂಪರ್ ಯಾಕೆ ಅಂದರೆ, ಇನ್‌ಪುಟ್ ತಡ, ಔಟ್‌ಪುಟ್ ತಡ, ಗುಂಡಿ ಒತ್ತಿದ ತಡ, ಮೂರಕ್ಕೂ ಅದರಲ್ಲಿ ಬೇರೆಬೇರೆ ಜಾಗ ಇದೆ. ಜಾಕ್ ಹೇಳಿದ್ದನ್ನು ತಾನಾಗೇ ತಗೊಳ್ಳುತ್ತದೆ, ಬೇಕಾದರೆ ನಾವೇ ತುಂಬಬಹುದು. ಇನ್ನೊಂದು, ಒಂದು ಆವರ್ತನಕ್ಕೆ ಎಷ್ಟು ‘ಎಂಟನೇ ಭಾಗ’ ಅಂತ ಒಂದು ಕಾಲಂ ಇದೆ. ಅಲ್ಲಿ 7 ಅಂತ ಬರೆದರೆ ರೂಪಕ್ ಸಿದ್ಧ. ಟೆಂಪೋ ಅಲ್ಲಿ ಕ್ವಾರ್ಟರ್ ನೋಟ್ ಲೆಕ್ಕದ್ದು, ಹಾಗಾಗಿ ನಿಮಿಷಕ್ಕೆ 120 ಮಾತ್ರೆ ಬೇಕಾದರೆ 60 ಅಂತ ಕೊಡಬೇಕು. ಆಗ ಒಂದು ಆವರ್ತನ 3.5 ಸೆಕೆಂಡ್. ಖಂಡ ಛಾಪು ಬೇಕಾ, 5 ಬರೆಯಿರಿ. ನಮ್ಮ ತಾಳಗಳಿಗೆ ಇಷ್ಟು ಸುಲಭವಾಗಿ ಒಗ್ಗುವ ಲೂಪರ್ ಇದು.

ಫೀಡ್‌ಬ್ಯಾಕ್ ಸ್ಲೈಡರ್ ಬಗ್ಗೆಯೂ ಹೇಳಬೇಕು. ಅದನ್ನು ಪೂರ್ತಿ ಏರಿಸಿಟ್ಟರೆ ಹಳೇ ಪದರ ಹಾಗೇ ಉಳಿಯುತ್ತದೆ. ಸ್ವಲ್ಪ ಇಳಿಸಿ ಓವರ್‌ಡಬ್ ಮಾಡಿದರೆ ಪ್ರತಿ ಸುತ್ತಿಗೂ ಹಳೆಯದು ತುಸು ಮಸುಕಾಗುತ್ತಾ ಹೊಸದಕ್ಕೆ ಜಾಗ ಬಿಡುತ್ತದೆ. ಆಲಾಪದ ಥರ ನುಡಿಸುವಾಗ ಇದು ಅದ್ಭುತ.

ಕಾಲಿನ ಪೆಡಲ್ ಮನೆಯಲ್ಲೇ ಮಾಡಿದೆ. ಬುಧವಾರ ಪೇಟೆಯ ತಪ್ಕೀರ್ ಗಲ್ಲಿಗೆ ಹೋಗಿ ಪ್ರೋಗ್ರಾಂ ಬರೆದು ಹಾಕಬಹುದಾದ ಒಂದು ಪ್ರೋ ಮೈಕ್ರೋ ಬೋರ್ಡ್, ನಾಲ್ಕು ಫುಟ್‌ಸ್ವಿಚ್, ವೈರ್ ತಂದೆ. ಅಂಗಡಿಯಲ್ಲಿ ಕೇಳುವಾಗ ಎರಡು ವಿಷಯ ಗಮನ ಇರಲಿ. ಬೋರ್ಡ್‌ನಲ್ಲಿ ಎಟಿಮೆಗಾ 32ಯು4 ಚಿಪ್ ಇರಬೇಕು, ಅದು ನೇರವಾಗಿ ಯುಎಸ್‌ಬಿ ಮಿಡಿ (ಸಂಗೀತ ಸಾಧನಗಳು ಸಂದೇಶ ಕಳಿಸಲು ಬಳಸುವ ಭಾಷೆ) ಸಾಧನವಾಗಿ ಕಾಣಿಸಿಕೊಳ್ಳುತ್ತದೆ. ಅಗ್ಗದ ನ್ಯಾನೋ ಬೋರ್ಡ್ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಸ್ವಿಚ್ ‘ಮೊಮೆಂಟರಿ’ ಇರಬೇಕು, ಒತ್ತಿ ಬಿಟ್ಟರೆ ಮೇಲೆ ಬರುವಂಥದ್ದು. ಗಿಟಾರ್ ಎಫೆಕ್ಟ್ ಪೆಡಲ್‌ಗೆ ಹಾಕುವ, ಟಕ್ ಅಂತ ಕೂತುಬಿಡುವ ಸ್ವಿಚ್ ಇಲ್ಲಿ ಬೇಡ.

ಸ್ವಿಚ್‌ನ ಒಂದು ಕಾಲು ಬೋರ್ಡ್‌ನ ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ, ಒಳಗಿನ ಪುಲ್‌ಅಪ್ (ಸ್ವಿಚ್ ಒತ್ತದಿದ್ದಾಗ ಪಿನ್ನಿನ ವೋಲ್ಟೇಜ್ ಮೇಲಿಡುವ ರೆಸಿಸ್ಟರ್) ಆನ್. ಸ್ವಿಚ್ ಒತ್ತಿದಾಗ ಒಳಗಿನ ಲೋಹ ಒಂದೆರಡು ಸಲ ಕುಪ್ಪಳಿಸುತ್ತದೆ, ಬೋರ್ಡ್‌ಗೆ ಅದು ಹಲವು ಸಲ ಒತ್ತಿದಂತೆ ಕಾಣುತ್ತದೆ. ಸಾಮಾನ್ಯವಾಗಿ ಪ್ರೋಗ್ರಾಂ ಬರೆಯುವವರು ಅದು ತಣ್ಣಗಾಗುವವರೆಗೆ ಕಾದು ಆಮೇಲೆ ಸಂದೇಶ ಕಳಿಸುತ್ತಾರೆ. ಲೂಪಿಂಗ್‌ನಲ್ಲಿ ಕಾಯಬಾರದು. ಮೊದಲು ತಾಗಿದ ಕ್ಷಣದಲ್ಲೇ ಮಿಡಿ ಕಳಿಸಿ, ಆಮೇಲೆ 30 ಮಿಲಿಸೆಕೆಂಡ್ ಆ ಪಿನ್ ಕಡೆ ನೋಡದೇ ಇರುವ ಹಾಗೆ ಬರೆದಿದ್ದೇನೆ. ಕಷ್ಟಪಟ್ಟು ಉಳಿಸಿದ ಮಿಲಿಸೆಕೆಂಡ್‌ಗಳನ್ನು ಇಲ್ಲಿ ಕಳೆಯಬಾರದು ಅಲ್ವಾ.

ನಾಲ್ಕು ಸ್ವಿಚ್‌ಗೆ ನಾಲ್ಕು ಕೆಲಸ: ರೆಕಾರ್ಡ್ ಅಥವಾ ಓವರ್‌ಡಬ್, ಅನ್‌ಡೂ, ಮ್ಯೂಟ್, ಮುಂದಿನ ಲೂಪ್. ಸೂಪರ್‌ಲೂಪರ್‌ನ ಮಿಡಿ ಕಿಟಕಿಯಲ್ಲಿ ‘ಲರ್ನ್’ ಒತ್ತಿ, ಕಾಲಲ್ಲಿ ಸ್ವಿಚ್ ತುಳಿದರೆ ಆಯ್ತು. ಪೆಟ್ಟಿಗೆಗೆ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಿಂದ ಒಂದು ಪ್ಲೈವುಡ್ ತುಂಡು, ಕೆಳಗೆ ರಬ್ಬರ್. ಸ್ವಿಚ್‌ಗಳ ನಡುವೆ ಪಾದದ ಅಗಲಕ್ಕಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ರೆಕಾರ್ಡ್ ಒತ್ತುವಾಗ ಅನ್‌ಡೂ ತಗಲುತ್ತದೆ.

ಕಾಲಿನ ಅಭ್ಯಾಸದಲ್ಲಿ ಗೊತ್ತಾದದ್ದು: ಆವರ್ತನ ಮುಗಿಯಿತು ಅಂತ ಒತ್ತಬೇಡಿ, ಮುಂದಿನ ಸಮದ (ಆವರ್ತನದ ಮೊದಲ ಮಾತ್ರೆಯ) ಮೇಲೆ ಒತ್ತಿ. ರೂಪಕ್‌ನಲ್ಲಿ ಇದು ಕಷ್ಟ, ಯಾಕಂದರೆ ಆ ತಾಳದ ಸಮ ಖಾಲಿ. ಮೊದಲ ಮಾತ್ರೆಯಲ್ಲಿ ಡಗ್ಗಾದ (ಎಡಗೈಯ ದೊಡ್ಡ ತಬಲಾದ) ಗುಂ ಇಲ್ಲ, ಕಾಲು ತಾನಾಗೇ ನಾಲ್ಕನೇ ಮಾತ್ರೆಯ ‘ಧೀ’ ಮೇಲೆ ಬೀಳಲು ಎಳೆಯುತ್ತದೆ. ತಬಲಾದವರು ಹೇಳಿದ ಉಪಾಯ, ಗಿಟಾರ್ ಕೆಳಗಿಟ್ಟು ಬರೀ ಕೈಯಲ್ಲಿ ತಾಳ ಹಾಕುತ್ತಾ ಸಮಕ್ಕೆ ಮಾತ್ರ ಪೆಡಲ್ ತುಳಿಯುವುದು. ಬೆಳಿಗ್ಗೆ ಹಾಗೇ ಮಾಡುತ್ತಿದ್ದೇನೆ. ಮೊದಲ ಪದರದಲ್ಲಿ ಸಮದ ಮೇಲೆ ದಪ್ಪ ತಂತಿ ಮುಟ್ಟದೆ, ನಾಲ್ಕು ಮತ್ತು ಆರನೇ ಮಾತ್ರೆಗೆ ಬಾಸ್ ಸ್ವರ ಇಟ್ಟರೆ ತಬಲಾಕ್ಕೂ ಅದಕ್ಕೂ ಜಗಳ ಇಲ್ಲ, ಲೂಪ್‌ನ ಹೊಲಿಗೆ ಕೂಡ ಕೇಳಿಸುವುದಿಲ್ಲ.

ಬಾಕಿ ಇರುವುದು: ತಬಲಾದವರಿಗೆ ಗಿಟಾರ್ ಬಿಟ್ಟು ಬರೀ ಲೂಪ್ ಕೇಳಿಸುವ ಬೇರೆ ಹೆಡ್‌ಫೋನ್ ಲೈನ್, ಅದಕ್ಕೆ ನಾಲ್ಕು ಔಟ್‌ಪುಟ್ ಇರುವ ಇಂಟರ್‌ಫೇಸ್ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೇನೆ. ಸೂಪರ್‌ಲೂಪರ್‌ನ ಪ್ರತಿ ಲೂಪನ್ನೂ ಆರ್ಡೋರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಬೇರೆಬೇರೆ ಟ್ರ್ಯಾಕ್‌ಗೆ ಜೋಡಿಸಿ ರೆಕಾರ್ಡ್ ಮಾಡುವುದು ಮುಂದಿನ ಕೆಲಸ. ಪುಣೆಯಲ್ಲಿ ಯಾರ ಹತ್ತಿರವಾದರೂ ಅಂಥ ಇಂಟರ್‌ಫೇಸ್ ಸುಮ್ನೆ ಬಿದ್ದಿದ್ದರೆ ಹೇಳಿ, ಸೆಪ್ಟೆಂಬರ್‌ನಲ್ಲಿ ಬಂದು ನೋಡುತ್ತೇನೆ.