ಏಳನೆಯ ರಾತ್ರಿ

ಸತತ ಏಳನೆಯ ರಾತ್ರಿ ಪಾಳಿ ಮುಗಿಸಿ ಬಂದೆ. ವಾರ್ಡಿನಲ್ಲಿ 32 ರೋಗಿಗಳು, ನಾವು ಇಬ್ಬರು ನರ್ಸ್‌ಗಳು. ಮೂರು ಗಂಟೆಯ ಹೊತ್ತಿಗೆ ಡ್ರಿಪ್ ಬದಲಿಸುತ್ತಿದ್ದಾಗ ಮೂಲೆಯ ಹಾಸಿಗೆಯ ಅಜ್ಜಿ ಕೈ ಹಿಡಿದು, "ನೀನು ಯಾವಾಗ ಮಲಗುತ್ತೀಯವ್ವಾ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ, ಹೊದಿಕೆ ಸರಿಪಡಿಸಿದೆ.

ಈ ವರ್ಷ ನಾಲ್ವರು ಕೆಲಸ ಬಿಟ್ಟರು. ಒಬ್ಬಳು ಜರ್ಮನ್ ಕಲಿತು ಜರ್ಮನಿಗೇ ಹೋದಳು. ಸಂಬಳವೊಂದೇ ಕಾರಣವಲ್ಲ. ಹೋದವರ ಪಾಳಿ ಉಳಿದವರ ಹೆಗಲಿಗೆ ಬೀಳುತ್ತದೆ, ಆಮೇಲೆ ಅವರೂ ಹೊರಡುತ್ತಾರೆ. ರಾತ್ರಿ ಪಾಳಿಯಿಂದ ಕ್ಯಾನ್ಸರ್ ಬರುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಹೇಳಿದೆ. ಪಾಳಿ ಪಟ್ಟಿ ಬರೆಯುವವರು ಅದನ್ನೊಮ್ಮೆ ಓದಬೇಕು, ರಾತ್ರಿಗಳ ನಂತರ ಎರಡು ದಿನವಾದರೂ ಬಿಡುವು ಕೊಡಬೇಕು.

ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿದ್ದೇನೆ. ಮಗಳ ಜಡೆ ಹಾಕಿ ಮಲಗುತ್ತೇನೆ.